"ಸರ್, ಇದು ಥರ್ಮಲ್ ಬೂದಿನಾ?"

ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗರನ್ನು ಕುಡತಿನಿ ಹತ್ತಿರದ ಬೂದಿ ದಿಬ್ಬಕ್ಕೆ ಕರಕೊಂಡು ಹೋಗಿದ್ದೆ. ನಮ್ಮ ಬಳ್ಳಾರಿ ಬಿಸಿಲು ಕೇಳಬೇಡಿ. ಮೊದಲು ಎಲ್ಲರದ್ದೂ ಸೆಲ್ಫಿ ಆಯ್ತು. "ಇದೇನು, ಹೇಗೆ ಬಂತು, ಯಾರಾದರೂ ಹೇಳ್ತೀರಾ?" ಅಂದೆ. ಒಬ್ಬ ಮೊಬೈಲ್ ತೆಗೆದು ಓದೋಕೆ ಶುರು ಮಾಡಿದ. "ಓದಬೇಡ, ನೋಡಿ ಹೇಳು" ಅಂದೆ. ಸುಮ್ಮನಾದ. ಆಗ ಹಿಂದಿನಿಂದ ಒಬ್ಬ ಕೇಳಿದ: "ಸರ್, ಇದು ಥರ್ಮಲ್ ಬೂದಿನಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅದೇ ಈಗ ಕೊರೀತಿದೆ. ಕುಡತಿನಿಯಲ್ಲೇ ಬಿಟಿಪಿಎಸ್ ಇದೆ, ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ಥರ್ಮಲ್ ಸ್ಥಾವರ. ಆ ಹುಡುಗನ ಅಪ್ಪ ಅಲ್ಲಿಂದ ಬೂದಿ ಲಾರಿ ಓಡಿಸುತ್ತಾರೆ. ಕಣ್ಣಿಗೆ ಬಿದ್ದದ್ದನ್ನು ತನಗೆ ಗೊತ್ತಿರುವುದರ ಜೊತೆ ತಾಳೆ ಹಾಕಿ ನೋಡಿದವನು ಇಡೀ ಕ್ಲಾಸಲ್ಲಿ ಅವನೊಬ್ಬನೇ.

ಓದಿದವರೂ ಈ ಬೂದಿ ನೋಡಿ ಏನೇನೋ ಅಂದಿದ್ದರು. ಅಗ್ನಿಪರ್ವತದ್ದು ಅಂದರು, ಕುಲುಮೆಯದ್ದು ಅಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದಕ್ಕೂ ದನಕ್ಕೂ ಸಂಬಂಧ ಇದೆ ಅಂದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದರು. ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತು ಸಿಕ್ಕಿತು! 1960ರ ಹೊತ್ತಿಗೆ ಝಾಯ್ನರ್ ಅನ್ನೋ ಇನ್ನೊಬ್ಬ ವಿಜ್ಞಾನಿ ಬಳ್ಳಾರಿ ಸೀಮೆಯ ಬೂದಿಯನ್ನೇ ಪರೀಕ್ಷೆ ಮಾಡಿ, ಇದು ಸಗಣಿ ಸುಟ್ಟ ಬೂದಿ ಅಂತ ತೋರಿಸಿದರು. ಸುಮಾರು 4000 ವರ್ಷದ ಹಿಂದಿನ ದನಗಾಹಿಗಳದ್ದು. ಅಷ್ಟೊಂದು ಸಗಣಿ ಯಾಕೆ ಸುಟ್ಟರು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಹಂಪಿ ಹತ್ತಿರ ನಿಂಬಾಪುರದಲ್ಲೂ ಒಂದು ಬೂದಿ ದಿಬ್ಬ ಇದೆ. ವಾಲಿಯನ್ನು ಸುಟ್ಟ ಜಾಗ ಅಂತ ಜನ ಹೇಳುತ್ತಾರೆ. ನನಗೆ ಆ ಕಥೆ ಮೇಲೆ ಸಿಟ್ಟಿಲ್ಲ, ನಿಜ ಹೇಳಬೇಕಂದ್ರೆ ಗೌರವ ಇದೆ. ಯಾರೋ ಒಬ್ಬರು ಅಲ್ಲಿ ನಿಂತು "ಇಷ್ಟು ಬೂದಿ ಎಲ್ಲಿಂದ ಬಂತು? ಯಾರನ್ನ ಸುಟ್ಟಿರಬೇಕು?" ಅಂತ ತಲೆ ಕೆಡಿಸಿಕೊಂಡಿದ್ದಕ್ಕೇ ಅಲ್ವಾ ಆ ಕಥೆ ಹುಟ್ಟಿದ್ದು? ನನ್ನ ತಕರಾರು ಇರೋದು ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ವಿಡಿಯೊ ಬಗ್ಗೆ. "ವಾಲಿಯ ಚಿತೆ ಇದೇ ಅಂತ ವಿಜ್ಞಾನಿಗಳೇ ಒಪ್ಪಿದ್ದಾರೆ" ಅಂತಿತ್ತು. ಯಾವ ವಿಜ್ಞಾನಿ, ಎಲ್ಲಿ, ಯಾವಾಗ? ಕೇಳಿದೆ. ಚಿಕ್ಕಪ್ಪ "ನಿಂಗೆ ಎಲ್ಲದಕ್ಕೂ ತಗಾದೆ" ಅಂದರು. ಹದಿನೇಳು ಜನ ಅವರಿಗೆ ಕೈ ಮುಗಿದರು.

ಶಾಲೆಯಲ್ಲಿ ನಾವೇನು ಕಮ್ಮಿ? ನೋಟ್ಸ್ ಬರೆಸುತ್ತೇವೆ, ಅದನ್ನೇ ಬರೆದವನಿಗೆ ಪೂರ್ತಿ ಮಾರ್ಕ್ಸ್. ಪ್ರಶ್ನೆ ಕೇಳಿದವನಿಗೆ "ಪೋರ್ಷನ್ ಮುಗೀಬೇಕು, ಕೂತ್ಕೋ". ನಾನೂ ಎಷ್ಟೋ ಸಲ ಹೀಗಂದಿದ್ದೇನೆ. ಈಗಿನ ಹುಡುಗರು ಯೋಚನೆ ಮಾಡಲ್ಲ ಅಂತ ಸ್ಟಾಫ್ ರೂಮಲ್ಲಿ ಚಹಾ ಕುಡೀತಾ ಬೈಯೋರೂ ನಾವೇ.

ಮೊನ್ನೆ ಆ ಹುಡುಗ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಿಡಿ ಥರ್ಮಲ್ ಬೂದಿ ತಂದಿದ್ದ. ನನ್ನ ಟೇಬಲ್ ಮೇಲೆ ಪೇಪರ್ ಹಾಸಿ ಸುರುವಿದ. ಪೌಡರಿನಷ್ಟು ನುಣ್ಣಗಿತ್ತು. ಪಕ್ಕದಲ್ಲಿ ಮೊಬೈಲ್ ಇಟ್ಟು, ಅವತ್ತು ದಿಬ್ಬದಲ್ಲಿ ತೆಗೆದ ಫೋಟೊ ದೊಡ್ಡದು ಮಾಡಿ ತೋರಿಸಿದ. ಅದರಲ್ಲಿ ತೂತು ತೂತಾದ ಗಟ್ಟಿ ಹೆಂಟೆಗಳು.

"ಇದು ಅದಲ್ಲ ಸರ್" ಅಂದ. "ಮತ್ತೆ ಅದು ಯಾವ ಬೂದಿ?"

ಸಗಣಿ ಅಂತ ನಾನಿನ್ನೂ ಹೇಳಿಲ್ಲ.