ಪ್ಲಸ್ ಎರಡು

ದಾವಣಗೆರೆಯಿಂದ ಬೆಂಗಳೂರು ಎಷ್ಟು ದೂರವೆಂದು ಕೇಳಿದರೆ ನಮ್ಮೂರಿನವರು ಕಿಲೋಮೀಟರಿನಲ್ಲಿ ಉತ್ತರಿಸುವುದಿಲ್ಲ. "ಐದು ತಾಸು, ಹಿರಿಯೂರಲ್ಲಿ ತಿಂಡಿಗೆ ನಿಲ್ಲಿಸಿದರೆ ಐದೂವರೆ" ಎನ್ನುತ್ತಾರೆ. ಹೊರಟ ಗಂಟೆಗೆ ಐದು ಕೂಡಿಸಿದರೆ ಮುಟ್ಟುವ ಗಂಟೆ ಸಿಗುವ ಈ ಗಣಿತವನ್ನೇ ನಂಬಿ, ಮೂವತ್ತು ವರ್ಷ ಲೆಕ್ಕಪತ್ರ ಬರೆದು ನಿವೃತ್ತನಾದ ನಾನು, ಅಮೆರಿಕದಿಂದ ಬರುವ ಮಗಳ ಟಿಕೆಟ್ಟನ್ನು ಓದಿದೆ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಡಿಸೆಂಬರಿನ ಒಂದು ಭಾನುವಾರ ರಾತ್ರಿ 9ಕ್ಕೆ ಹೊರಟು ಬೆಳಗಿನ ಜಾವ 3.30ಕ್ಕೆ ಬೆಂಗಳೂರು ಎಂದು ಅದರಲ್ಲಿತ್ತು. "ಆರೂವರೆ ತಾಸಷ್ಟೇನಾ? ಅಮೆರಿಕ ಅಷ್ಟು ಹತ್ತಿರಾನಾ?" ಎಂದು ಹೆಂಡತಿ ಅನುಮಾನಿಸಿದಳು. "ಅದು ವಿಮಾನ ಕಣೇ, ಬಸ್ಸಲ್ಲ" ಎಂದು ಬಾಯಿ ಮುಚ್ಚಿಸಿದೆ. 3.30ರ ಪಕ್ಕದಲ್ಲಿ ಸೊಳ್ಳೆಯ ಕಾಲಿನಷ್ಟು ಸಣ್ಣಗೆ '+2' ಎಂದಿತ್ತು. ಎರಡು ಸೂಟ್‌ಕೇಸಿಗೆ ಅನುಮತಿ ಎಂದು ಅರ್ಥಮಾಡಿಕೊಂಡು, ಸಣ್ಣ ಕಾರು ಸಾಕೆಂದು ಬಾಡಿಗೆಗೆ ಗೊತ್ತು ಮಾಡಿದೆ.

ಸೋಮವಾರ ನಸುಕಿನಲ್ಲಿ ದೇವನಹಳ್ಳಿಯ ನಿಲ್ದಾಣದಲ್ಲಿ, ಕೈಯಲ್ಲಿ ನರ್ಗೀಸ್ ಮಂಡಕ್ಕಿಯ ಪೊಟ್ಟಣ ಹಿಡಿದು ನಿಂತವನಿಗೆ ಫಲಕದ ಮೇಲೆ ಆ ವಿಮಾನವೇ ಕಾಣಲಿಲ್ಲ. ಎದೆ ಡವಗುಟ್ಟುತ್ತ ಫೋನು ಮಾಡಿದೆ.

"ಎಲ್ಲಿದ್ದೀಯಮ್ಮಾ?"

"ಮನೇಲೇ ಅಪ್ಪಾಜಿ. ಇಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆ, ಬಟ್ಟೆ ಮಡಚ್ತಾ ಇದೀನಿ. ನೀವೆಲ್ಲಿದ್ದೀರಿ?"

ನಾನೆಲ್ಲಿದ್ದೇನೆಂದು ಹೇಳಲು ನಾಲಿಗೆ ಏಳಲಿಲ್ಲ. ಅವಳೇ ಬಿಡಿಸಿ ಹೇಳಿದಳು: ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ 13 ತಾಸು 30 ನಿಮಿಷ ಹಿಂದೆ, ಅವಳು ವಿಮಾನ ಹತ್ತುವ ಭಾನುವಾರ ರಾತ್ರಿಯ 9 ಗಂಟೆಯೆಂದರೆ ನಮ್ಮ ಸೋಮವಾರ ಬೆಳಿಗ್ಗೆ 10.30, ಅಲ್ಲಿಂದ 17 ತಾಸಿನ ಹಾರಾಟ ಕೂಡಿಸಿದರೆ ಮಂಗಳವಾರ ನಸುಕು. '+2' ಎಂದರೆ ಹೊರಟ ದಿನದಿಂದ ಎರಡನೆಯ ದಿನ. ಆ ನಗರದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳೆಯರೇ ನಡೆಸಿ, 2021ರ ಜನವರಿ 9ರ ರಾತ್ರಿ ಹೊರಟು 11ರ ನಸುಕಿಗೆ ಇಳಿಸಿದ ಸುದ್ದಿಯನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದಿ ಹೇಳಿದವನೂ ನಾನೇ; ನಡುವೆ ಒಂದು 10 ಮಾಯವಾದದ್ದು ಮಾತ್ರ ಆಗ ಹೊಳೆದಿರಲಿಲ್ಲ.

ಇಪ್ಪತ್ತನಾಲ್ಕು ತಾಸು ಕಳೆಯಬೇಕಿತ್ತು. ಡ್ರೈವರು ವೇಟಿಂಗ್ ಚಾರ್ಜು ಎಷ್ಟಾಗುತ್ತದೆಂದು ತಿಳಿಸಿ, ಸೀಟು ಒರಗಿಸಿ ಮಲಗಿದ. ಸುಮಾರು 14,000 ಕಿ.ಮೀ., ಅಂದರೆ ನಾವು ಬಂದ 260 ಕಿ.ಮೀ. ದಾರಿಯನ್ನು ಐವತ್ತಕ್ಕೂ ಹೆಚ್ಚು ಸಲ ತುಳಿದಷ್ಟು ದೂರ, ಎಂದು ನಾನು ಲೆಕ್ಕ ಹಾಕುತ್ತಿದ್ದರೆ ಹೆಂಡತಿಗೆ ದಾರಿಯ ಚಿಂತೆ. "ಉತ್ತರ ಧ್ರುವದ ಕಡೆಯಿಂದ ಬರುತ್ತದಂತೆ, ಗಾಳಿ ನೋಡಿ ದಾರಿ ಬದಲಿಸುವುದೂ ಉಂಟಂತೆ" ಎಂದರೆ, "ಅಷ್ಟು ಸುತ್ತು ಯಾಕೆ?" ಎಂದಳು. ಬುಟ್ಟಿಯಲ್ಲಿದ್ದ ಮೂಸಂಬಿಯ ಮೇಲೆ ಪೆನ್ನಿನಿಂದ ಎರಡು ಊರು ಗುರುತಿಸಿ, ಅವಳ ಬಾಡಿದ ಮಲ್ಲಿಗೆ ದಂಡೆಯ ದಾರ ಬಿಚ್ಚಿ ಬಿಗಿಯಾಗಿ ಎಳೆದು ಹಿಡಿದೆ. ದಾರ ತಾನಾಗಿಯೇ ಜಾರಿ ತೊಟ್ಟಿನ ಪಕ್ಕದಲ್ಲಿ ಕೂತಿತು. ಗೋಡೆಯ ನಕಾಶೆಯಲ್ಲಿ ಸುತ್ತಾಗಿ ಕಾಣುವುದು ಗುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ. ಅವಳು ಮೂಸಂಬಿಯನ್ನು ತಿರುಗಿಸಿ ನೋಡಿ, ಒಪ್ಪಿ, ಸುಲಿದು ತಿಂದಳು. ಮಂಡಕ್ಕಿ ಮಧ್ಯಾಹ್ನಕ್ಕೇ ಮುಗಿದಿತ್ತು.

ಮಂಗಳವಾರ ವಿಮಾನ ಹೇಳಿದ ಹೊತ್ತಿಗೆ ಇಳಿಯಿತು. ಮಗಳು ತಳ್ಳಿಕೊಂಡು ಬಂದ ಗಾಡಿಯಲ್ಲಿ ಮೂರು ಸೂಟ್‌ಕೇಸುಗಳಿದ್ದವು. ಮೂರನೆಯದು ಚಿತ್ರದುರ್ಗ ದಾಟುವವರೆಗೂ ನನ್ನ ತೊಡೆಯ ಮೇಲಿತ್ತು. ಆಮೇಲೆ ಹೆಂಡತಿಗೆ ಕನಿಕರ ಬಂತು.