ನಮ್ಮೂರಿಗೂ ಒಂದು ತಂಡ ಇದೆ
ಆಗಸ್ಟ್ ಬಂತು. ಆಫೀಸ್ ಕ್ಯಾಂಟೀನಿನಲ್ಲಿ ಮತ್ತೆ ಅದೇ ಇಂಗ್ಲಿಷ್ ಫುಟ್‌ಬಾಲ್ ಸೀಸನ್‌ನ ಮಾತು. ಈ ಸಲ ಮ್ಯಾಂಚೆಸ್ಟರ್ ಯುನೈಟೆಡ್ ಲೀಗ್ ಗೆಲ್ಲುತ್ತಾ? ಆರ್ಸೆನಲ್‌ಗೆ ಆ ಸ್ಟ್ರೈಕರ್ ಸಾಕಾ? ಲಿವರ್‌ಪೂಲ್ ಡಿಫೆನ್ಸ್ ಗತಿ ಏನು? ಅರ್ಧ ಗಂಟೆ ಕೇಳಿಸಿಕೊಂಡೆ. ಕಾಫಿ ಆರಿಹೋಯಿತು. ಕೊನೆಗೆ, "ನಮ್ಮ ಬೆಂಗಳೂರು ಎಫ್‌ಸಿ ಹೇಗೆ ಆಡಬಹುದು?" ಅಂದೆ. "ಅದನ್ನೆಲ್ಲ ಯಾರು ನೋಡ್ತಾರೆ ಗುರೂ?" ಅಂತ ಒಬ್ಬ ನಕ್ಕುಬಿಟ್ಟ.

ಮೈ ಉರಿಯಿತು. ಯುನೈಟೆಡ್ ಕೊನೆಯ ಸಲ ಲೀಗ್ ಗೆದ್ದದ್ದು 2013ರಲ್ಲಿ. ನಮ್ಮ ತಂಡ ಹುಟ್ಟಿದ್ದೇ ಆ ವರ್ಷ! ಮೊದಲ ಸೀಸನ್‌ನಲ್ಲೇ ಆಗಿನ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಕೂಡ ಬಂತು. ಇದೇನು ಸುಮ್ನೆ ಬರುತ್ತಾ?

ನಡುರಾತ್ರಿ ನಿದ್ದೆಗೆಟ್ಟು ಟಿವಿ ಮುಂದೆ ಕೂರುವವರಿಗೆ ನಮ್ಮ ಕಂಠೀರವ ಸ್ಟೇಡಿಯಂ ಮಾತ್ರ ಅಷ್ಟು ದೂರವಾ? ನಮ್ಮ ತಂಡದ ಸುನಿಲ್ ಛೆಟ್ರಿ ನಮ್ಮೂರಲ್ಲೇ, ನಮ್ಮ ಕಣ್ಣೆದುರೇ ಗೋಲು ಹೊಡೆಯುವಾಗ ಇವರೆಲ್ಲ ಎಲ್ಲಿದ್ದರು?