ಹಾಡಿನ ಪಕ್ಕದ ಬಾಣ

ಚಳಿಗಾಲ ಬಂದರೆ ನಮ್ಮ ಮನೆಯಲ್ಲಿ ಅವರೆಕಾಳು ಹಿತುಕುವ ಕೆಲಸ ನನ್ನ ಪಾಲಿಗೆ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಸಿಪ್ಪೆ ಬೆರಳಿಗೇ ಅಂಟಿಕೊಂಡು ಕೂರುತ್ತದೆ. ಬೇಸರ ಕಳೆಯಲು ಮೊಬೈಲನ್ನು ಸ್ಟೀಲ್ ಡಬರಿಯೊಳಗೆ ನಿಲ್ಲಿಸಿ ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡದ ಕಛೇರಿಗಳನ್ನು ಹಾಕಿಕೊಳ್ಳುತ್ತೇನೆ. ಡಬರಿಯಿಂದ ಸದ್ದೇನೋ ಜೋರಾಗುತ್ತದೆ, ಫಿಲ್ ಲೆಶ್‌ನ ಬೇಸ್ ಗಿಟಾರ್ ಮಾತ್ರ ಸತ್ತೇ ಹೋಗುತ್ತದೆ.

ಹೀಗಾಗಿ ಅವರ ‘ಡಾರ್ಕ್ ಸ್ಟಾರ್’ ಹಾಡಿಗೆ ನನ್ನಲ್ಲಿ ಬೇಳೆಯ ಅಳತೆಯೇ ಇದೆ. 1968ರಲ್ಲಿ ಹೊರಬಂದ, ಸ್ಟುಡಿಯೋದಲ್ಲಿ ಮಾಡಿದ ಮೊದಲ ಗ್ರಾಮಫೋನ್ ತಟ್ಟೆ ಮೂರು ನಿಮಿಷವೂ ಇಲ್ಲ. ಒಂದು ಹಿಡಿ ಬೇಳೆಗೂ ಸಾಲದು. 1969ರ ಫೆಬ್ರವರಿ 27ರಂದು ಸ್ಯಾನ್‌ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್‌ನಲ್ಲಿ ನುಡಿಸಿದ್ದು ಸುಮಾರು ಇಪ್ಪತ್ಮೂರು ನಿಮಿಷ, ಅರ್ಧ ಪಾತ್ರೆ. 1972ರ ಆಗಸ್ಟ್ 27ರಂದು ಆರೆಗಾನ್‌ನ ವೆನೀಟಾದಲ್ಲಿ ನುಡಿಸಿದ್ದು ಮೂವತ್ತು ನಿಮಿಷ ದಾಟುತ್ತದೆ. ಅಷ್ಟು ಹೊತ್ತಿಗೆ ಮನೆಮಂದಿಗೆಲ್ಲ ಉಪ್ಪಿಟ್ಟಿಗೆ ಬೇಕಾದ ಬೇಳೆ ತಯಾರು.

ಒಂದೇ ಹಾಡಿನ ಇಷ್ಟು ರೂಪಗಳು ಉಳಿದಿರುವುದಕ್ಕೆ ಕಾರಣ ಆ ತಂಡದವರ ಧಾರಾಳತನ. 1965ರಿಂದ 1995ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ನಡೆಸಿದರು. ಕೇಳಲು ಬಂದವರು ಧ್ವನಿಮುದ್ರಣ ಮಾಡಿಕೊಂಡರೆ ಅಡ್ಡಿಪಡಿಸುತ್ತಿರಲಿಲ್ಲ. 1984ರಲ್ಲಿ ಅಂಥವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಬಿಡತೊಡಗಿದರು. ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋದವು. ಒಳಗಿನ ಚೀಟಿಯಲ್ಲಿ ಹಾಡುಗಳ ಹೆಸರು ಬರೆದು, ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ಸರಿದಿದ್ದರೆ ನಡುವೆ ಒಂದು ಪುಟ್ಟ ಬಾಣ ಹಾಕುವುದು ರೂಢಿಯಾಯಿತು.

ನಾನೀಗ ಹಾಡುಗಳನ್ನು ಹೋಲಿಸುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಹೋಲಿಸುವುದು ಆ ಬಾಣಗಳನ್ನು.

ಅಭಿಮಾನಿಗಳಲ್ಲಿ ಬಹಳ ಮಂದಿ 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿಗೆ ಕೈಮುಗಿಯುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಅದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದೆ. ಎಲ್ಲರೂ ಹೊಗಳಿದ್ದನ್ನು ಕಂಡರೆ ಮೂಗು ಮುರಿಯುವ ಚಾಳಿ ನನ್ನದು, ಆದರೆ ಅಲ್ಲಿನ ಒಂದು ಬಾಣದ ಮುಂದೆ ನನ್ನ ಆಟ ನಡೆಯುವುದಿಲ್ಲ. ‘ಸ್ಕಾರ್ಲೆಟ್ ಬಿಗೋನಿಯಾಸ್’ನಿಂದ ‘ಫೈರ್ ಆನ್ ದ ಮೌಂಟನ್’ಗೆ ದಾಟುವ ಜಾಗ ಅದು. ಆ ಜೋಡಿ ಹುಟ್ಟಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಜೆರ್ರಿ ಗಾರ್ಸಿಯಾನ ಗಿಟಾರ್ ಹಳೆಯ ಹಾಡಿನ ಅಂಗಳದಲ್ಲೇ ಸುತ್ತುತ್ತಿರುತ್ತದೆ. ಕೆಳಗೆ ಬೇಸ್ ಆಗಲೇ ಹೊಸ ಮನೆಗೆ ಹಾಲುಕ್ಕಿಸಲು ಹೊರಟಿರುತ್ತದೆ. ಹಾಡು ಬದಲಾದದ್ದು ಯಾವ ಕ್ಷಣದಲ್ಲಿ ಎಂದು ಮೂರು ಬಾರಿ ಗಡಿಯಾರ ನೋಡಿ ಬರೆದಿಟ್ಟೆ. ಮೂರು ಬಾರಿಯೂ ಬೇರೆ ಬೇರೆ ಉತ್ತರ. ಆ ದಿನ ಡಬರಿ ಬಿಟ್ಟು ಹೆಡ್‌ಫೋನ್ ಹಾಕಿದ್ದೆ ಎಂಬುದನ್ನೂ ಹೇಳಿಬಿಡಬೇಕು.

ಆದರೂ ನನ್ನ ಮತ ವೆನೀಟಾಕ್ಕೇ. ಮೊಸರು ಮಾಡುವ ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ನಷ್ಟದಲ್ಲಿತ್ತು; ಅದರ ಸಹಾಯಾರ್ಥ ನಡೆದ ಕಛೇರಿ ಅದು. ಟಿಕೆಟ್ಟನ್ನೂ ಮೊಸರಿನ ಡಬ್ಬಿಯ ಲೇಬಲ್ ಮೇಲೆಯೇ ಅಚ್ಚು ಹಾಕಿಸಿದ್ದರು. ಬಟ್ಟಬಯಲು, ತಲೆ ಸಿಡಿಯುವ ಬಿಸಿಲು. ವೇದಿಕೆಯನ್ನು ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಿದ್ದರಿಂದ ಇಳಿಹೊತ್ತಿನ ಸೂರ್ಯ ನೇರ ನುಡಿಸುವವರ ಕಣ್ಣಿಗೇ. ಕಾವಿಗೆ ತಂತಿಗಳು ಶ್ರುತಿ ತಪ್ಪುತ್ತಿದ್ದವು. ಇನ್ನೊಬ್ಬ ಡ್ರಮ್ ವಾದಕ ಮಿಕಿ ಹಾರ್ಟ್ ಆಗ ತಂಡದಲ್ಲಿರಲಿಲ್ಲ. ಬಿಲ್ ಕ್ರಾಯ್ಟ್ಸ್‌ಮನ್ ಒಬ್ಬನದೇ ಡ್ರಮ್. ಅದಕ್ಕೇ ಇರಬೇಕು, ಆ ‘ಡಾರ್ಕ್ ಸ್ಟಾರ್’ ಎಷ್ಟು ದೂರ ಹೋದರೂ ಮೈ ಹಗುರ. ಕೊನೆಗೆ ಹಾಡಿನ ಗುರುತೇ ಸಿಗದಂತೆ ಎಲ್ಲವೂ ಕಲಸಿ, ಕಿರುಚಿ, ನಿಧಾನಕ್ಕೆ ತಿಳಿಯಾಗುತ್ತದೆ. ಆಮೇಲೆ ಬಾಣ. ಬಾಣದ ಆಚೆ ಇರುವುದು ಯಾವ ಗಹನ ಸಂಗೀತವೂ ಅಲ್ಲ, ‘ಎಲ್ ಪಾಸೊ’ ಎಂಬ ಕುದುರೆ ಸವಾರನ ಪ್ರೇಮದ ಕಥೆ. ಹಳ್ಳಿಯ ಜಾತ್ರೆಯಲ್ಲೂ ಹಾಡಬಹುದಾದಂಥದ್ದು. ಆಕಾಶದಲ್ಲಿ ತೇಲುತ್ತಿದ್ದವನು ಸೀದಾ ಜೀನಿನ ಮೇಲೆ ಬಂದು ಕುಳಿತಂತೆ.

ಮೊನ್ನೆ ಆ ಜಾಗ ಬರುವ ಹೊತ್ತಿಗೆ ಬೇಳೆ ಮುಗಿಯುತ್ತಾ ಬಂದಿತ್ತು. ಅರ್ಧ ಗಂಟೆಯಿಂದ ತುಟಿ ಬಿಗಿಹಿಡಿದು ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದ ನನ್ನ ಹೆಂಡತಿ ತಟ್ಟನೆ ತಲೆಯೆತ್ತಿದಳು.

“ಇದು ಚೆನ್ನಾಗಿದೆಯಲ್ಲ. ಇದನ್ನೇ ಮೊದಲು ಹಾಕಬಾರದಿತ್ತೇ?”